ಕರೆಂಟ್ ತೆಗೆದ ಭಾನುವಾರ

ಮಾತ್ಸುಮೊಟೊ
ಜೂನ್ 24

ಮಗಳೇ ಚಿತೊಸೆ,

ನಿನ್ನ ಮದುವೆಯಾಗಿ ಹದಿನಾರು ದಿನಕ್ಕೆ ಅಪ್ಪನ ಪತ್ರ. ಬೈದುಕೋ. ನನ್ನ ಅಕ್ಷರ ನಿನಗೆ ಓದಲಾಗದು, ಅದಕ್ಕೇ ಫೋನಿಗೆ ಮಾತಾಡುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಅಳಿಯನಿಗೆ ಇಲ್ಲಿನ ಸೋಬಾ ಶ್ಯಾವಿಗೆ ಕಳಿಸಿದ್ದೇನೆ, ತಲುಪಿತೇ?

ನನ್ನ ಹೊಟ್ಟೆಯುರಿ ಕೇಳು. ಬೆಟ್ಟದ ಮೇಲಿನ ನಮ್ಮ ಯಂತ್ರ ಹನ್ನೊಂದು ವರ್ಷದಿಂದ ಕಾಯುತ್ತಿದೆ. ಸೂರ್ಯ ಸಿಡಿದಾಗ ಹೊಮ್ಮುವ ಕಣಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಅತ್ತಿತ್ತ ತಿರುಗಿಬಿಡುತ್ತವೆ. ನ್ಯೂಟ್ರಾನ್ ಮಾತ್ರ ನೇರ ನಮ್ಮ ನೆತ್ತಿಗೇ ಬರುತ್ತದೆ. ಅದನ್ನು ಹಿಡಿದರೆ ಸೂರ್ಯ ಕಣಗಳನ್ನು ಯಾವ ಗಳಿಗೆಯಲ್ಲಿ ಎಸೆದ ಎಂದು ಹೇಳಬಹುದು. ಆದರೆ ಸಿಡಿತ ದೊಡ್ಡದಿರಬೇಕು, ನಮ್ಮಲ್ಲಿ ಸೂರ್ಯ ಮೇಲೇರಿರಬೇಕು. ಎಂಟನೇ ತಾರೀಖು ಬೆಳಿಗ್ಗೆ ಹನ್ನೊಂದು ಮುಕ್ಕಾಲಿಗೆ ಎರಡೂ ಕೂಡಿಬಂತು. ಯಂತ್ರ ಆಫ್! ತಪಾಸಣೆಗೆಂದು ವರ್ಷಕ್ಕೊಂದು ದಿನ ಕರೆಂಟ್ ತೆಗೆಯುತ್ತಾರಲ್ಲ, ಅವತ್ತೇ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ.

ಸೋಮವಾರ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಕೂಗಾಡಿದೆ. ಗುಮಾಸ್ತೆ ಕುರಾಮೊಚಿ ತಣ್ಣಗೆ ಕೇಳಿದಳು, "ಸೂರ್ಯಂಗೂ ನೋಟಿಸ್ ಕಳಿಸ್ಬೇಕಿತ್ತಾ ಮೇಷ್ಟ್ರೇ?"

"ನಂಗಾದ್ರೂ ಕಳಿಸ್ಬೇಕಿತ್ತಲ್ರೀ!"

ಸುತ್ತೋಲೆ ತೆಗೆದು ಮುಂದಿಟ್ಟಳು. ನಿಲ್ಲಿಸಲಾಗದ ಯಂತ್ರವಿದ್ದರೆ ಜನರೇಟರಿಗೆ ಅರ್ಜಿ ಕೊಡಿ ಎಂದು ಕೆಳಗೇ ಇತ್ತು. "ಈ ಮೊಹರು ಯಾರ್ದು, ನೀವೇ ಓದಿ." ಕೆಂಪಗೆ ನನ್ನದೇ ಹೆಸರು.

"ದಿನಾ ಹತ್ತು ಬರ್ತವೆ. ಓದ್ದೇ ಒತ್ತಿರ್ತೀನಿ."

ನನ್ನ ಸಹಾಯಕ ಹಿಜುಮೆ ಬೈಯಲಿಲ್ಲ. "ಇನ್ನೊಂದ್ ಹನ್ನೊಂದ್ ವರ್ಷ ಕಾಯೋಣ ಮೇಷ್ಟ್ರೇ, ನಿಮ್ಗೆ ಅರವತ್ತೊಂದಾಗತ್ತೆ ಅಷ್ಟೇ" ಅಂದ. ಇವನ ಸಮಾಧಾನಕ್ಕಿಂತ ಅವಳ ಬೈಗುಳವೇ ವಾಸಿ.

ಅದೇ ಭಾನುವಾರದ ನಿನ್ನ ಮದುವೆಗೂ ಈ ಯಂತ್ರದ ನೆಪದಲ್ಲೇ ಬರಲಿಲ್ಲ. "ಸೂರ್ಯಂಗೆ ಭಾನುವಾರ ಇಲ್ಲಮ್ಮ, ಬಿಟ್ಟು ಬರೋಕಾಗಲ್ಲ" ಅಂದಿದ್ದೆ. ನೀನು "ಆಯ್ತಪ್ಪ" ಅಂದು ಫೋನ್ ಇಟ್ಟೆ. ಈಗ ಅದೂ ಇಲ್ಲ, ಇದೂ ಇಲ್ಲ.

ಇಬ್ಬರೂ ನಗುನಗುತ್ತಾ ಬಾಳಿ.

ನಿನ್ನ ಅಪ್ಪ

ಮರೆತ ಮಾತು: ಇದಿಷ್ಟು ಕೈಯಲ್ಲೇ ಬರೆಯುತ್ತಿದ್ದೇನೆ, ಕಷ್ಟಪಟ್ಟು ಓದಿಕೋ. ಸುತ್ತೋಲೆಯನ್ನು ಓದಿಯೇ ಮೊಹರು ಒತ್ತಿದ್ದೆ. ಅವತ್ತು ಯಂತ್ರ ಆಫ್ ಇರುತ್ತದೆಂದು ನಿನಗೆ ಹೇಳಲಿಲ್ಲ, ಅಷ್ಟೇ. ಜನರೇಟರ್ ಕೇಳಿದ್ದರೆ ಹಿಜುಮೆ "ನಾನ್ ನೋಡ್ಕೋತೀನಿ, ನೀವ್ ಮದುವೆಗೆ ಹೋಗಿ" ಅನ್ನುತ್ತಿದ್ದ. ಆಮೇಲೆ ನನಗೆ ನೆಪವೇ ಉಳಿಯುತ್ತಿರಲಿಲ್ಲ. ನನ್ನನ್ನು ಬಿಟ್ಟುಹೋದ ನಿನ್ನಮ್ಮ, ಅವಳ ಈಗಿನ ಗಂಡ, ಇಬ್ಬರ ಜೊತೆ ಹೆತ್ತವರ ಮೇಜಿನಲ್ಲಿ ಕೂರುವ ಧೈರ್ಯ ನನಗಾಗಲಿಲ್ಲ. ಅವತ್ತು ಬೆಟ್ಟಕ್ಕೂ ಹೋಗಲಿಲ್ಲ. ಮದುವೆಗೆ ಹೊರಟವನಂತೆ ಕಪ್ಪು ಸೂಟು ಹಾಕಿ, ಬಿಳಿ ಟೈ ಕಟ್ಟಿಕೊಂಡು ಮನೆಯಲ್ಲೇ ಕೂತಿದ್ದೆ. ಹನ್ನೊಂದು ಮುಕ್ಕಾಲಿಗೆ ಕಿಟಕಿಯ ಬಿಸಿಲು ನನ್ನ ಮೇಲೇ ಬಿದ್ದಿತ್ತು.