ತೊಗಲು ಹಠ ಬಿಡುವ ತನಕ

ಮಾರ್ಚ್ 3, ಬೆಳಿಗ್ಗೆ 8

ಮಾಂಸದಂಗಡಿಯವನು ಎರಡು ಮೇಕೆ ತೊಗಲು ತಂದು ಬಕೆಟ್‌ಗೆ ಸುರಿದು ಹೋದ. ಬಿಡಿಸಿದೆ. ಒಂದರಲ್ಲಿ ಕಿವಿ ಹಾಗೇ ಇದೆ. ಇನ್ನೂ ಬೆಚ್ಚಗಿದೆ! ತಟ್ಟನೆ ಕೈಬಿಟ್ಟೆ.

ಕುರ್ಚಿಯಲ್ಲಿದ್ದ ಅಪ್ಪ ನಕ್ಕರು. "ಪುಸ್ತಕಕ್ಕೆ ಹೊದಿಸೋ ಚರ್ಮ ಆಕಾಶದಿಂದ ಬೀಳುತ್ತೆ ಅಂದ್ಕೊಂಡಿದ್ಯಾ?"

ಹದಿನೈದು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದೇನೆ. ಹೌದು, ಹಾಗೇ ಅಂದುಕೊಂಡಿದ್ದೆ. ಅಪ್ಪ ಮೂವತ್ತು ವರ್ಷ ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಏನು ಕೆಲಸ, ಹೇಗೆ ಮಾಡುತ್ತೀರಿ ಅಂತ ಒಮ್ಮೆಯೂ ಕೇಳಿರಲಿಲ್ಲ. ಈಗ ಮನೆಯಲ್ಲೇ ಮಾಡೋಣ, ಕಲಿಸಿ ಅಂದಾಗ ಅವರ ಮುಖ ಊರಗಲ ಆಗಿತ್ತು.

ಉಪ್ಪು ತಿಕ್ಕಿದ್ದು ನಾನು. ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಬರೀ ಆರ್ಡರ್.

ಮಾರ್ಚ್ 5

ಉಪ್ಪು ತೊಳೆದು ಸುಣ್ಣದ ನೀರಿನ ಡ್ರಮ್ಮಿಗೆ ಹಾಕಿದ್ದಾಯಿತು. ಗ್ಲೌಸ್ ಹರಿದು ಕೈಯೆಲ್ಲ ಉರಿ. ಅಪ್ಪನ ಕಾಲಲ್ಲಿ ಸಾಕ್ಸ್! ಈ ಸೆಕೆಯಲ್ಲಿ! ಸುಣ್ಣ ಸಿಡಿಯುತ್ತದಂತೆ. ಡ್ರಮ್ಮು ಹತ್ತಡಿ ದೂರ ಇದೆ... ಹಠಕ್ಕೆ ಬಿದ್ದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಕೇಳುವವರಲ್ಲ.

ಮಾರ್ಚ್ 8

ಮೂರು ದಿನದಿಂದ ಕುರ್ಚಿಯಲ್ಲೇ ನಿದ್ದೆ. ಮಂಚ ಬೇಡವಂತೆ. ಡ್ರಮ್ಮು ಕಾಯಬೇಕಂತೆ.

"ಅದೇನು ಎದ್ದು ಓಡಿಹೋಗುತ್ತಾ?" ಅಂದೆ.

ನಕ್ಕರು. ಆಮೇಲೆ ಬಹಳ ಹೊತ್ತು ಕೆಮ್ಮಿದರು.

ಮಾರ್ಚ್ 11

ತೊಗಲಿನ ಕೂದಲು ಹಿಡಿದು ಸುಮ್ಮನೆ ಎಳೆದೆ — ಮುಷ್ಟಿ ತುಂಬ ಬಂದುಬಿಟ್ಟಿತು. ಬೆಚ್ಚಿಬಿದ್ದೆ. ಹಲಗೆಯ ಮೇಲೆ ಹಾಕಿ ಹೊರಗಡೆಯ ಕೂದಲು, ಒಳಗಡೆಯ ಮಾಂಸ ಎರಡನ್ನೂ ಹೆರೆದೆ. ಕೊನೆಗೆ ಉಳಿದದ್ದು ಬೆಳ್ಳಗೆ, ಉಬ್ಬಿಕೊಂಡು... ಥೇಟ್ ನಮ್ಮ ಚರ್ಮ. ಮಧ್ಯಾಹ್ನ ಊಟ ಸೇರಲಿಲ್ಲ.

ಇನ್ನೊಂದು ತಲೆಬಿಸಿ. ನನ್ನ ಹೊಸ ಚಾಕುವಿನಿಂದ ಅಪ್ಪ ಚಪ್ಪಲಿಯ ಪಟ್ಟಿ ಕೊಯ್ದುಕೊಂಡಿದ್ದಾರೆ. ಕಚ್ಚುತ್ತಿತ್ತಂತೆ. ಆರು ವರ್ಷ ಹಾಕಿದ ಚಪ್ಪಲಿ ಈಗ ಕಚ್ಚುತ್ತದಾ? ಚಾಕುವಿನ ಬಾಯಿ ಹಾಳು. ಚೆನ್ನಾಗಿ ಬೈದೆ.

ಮಾರ್ಚ್ 12

ಸುಣ್ಣ ಬಿಡಿಸಲು ಬೂಸಾ ಕಲಸಿದ ಬೆಚ್ಚಗಿನ ನೀರು. ಇವತ್ತು ಪರೀಕ್ಷೆ ಹೇಳಿಕೊಟ್ಟರು.

"ಹೆಬ್ಬೆರಳಲ್ಲಿ ಒತ್ತು. ಈಗ ತೆಗಿ. ಗುಳಿ ತುಂಬ್ಕೊಂಡ್ತಾ?"

"ತಕ್ಷಣ."

"ಇನ್ನೂ ಹಠ ಮಾಡ್ತಿದೆ ಅಂತ. ಗುಳಿ ಹಾಗೇ ನಿಂತ್ರೆ ಹಠ ಬಿಡ್ತು. ಆಗ ಮರದ ತೊಗಟೆ ನೆನೆಸಿದ ನೀರಿಗೆ ಹಾಕು, ಹದ ಶುರು. ತಡ ಮಾಡಿದ್ರೆ ಕೊಳೆಯುತ್ತೆ."

"ನಿಮ್ಮನ್ನ ಯಾವ ನೀರಲ್ಲಿ ನೆನೆಸ್ಬೇಕಪ್ಪ, ಹಠ ಬಿಡಿಸೋಕೆ?"

ನಗಲಿಲ್ಲ. ಕಾಲು ಕುರ್ಚಿಯ ಕೆಳಗೆ ಎಳೆದುಕೊಂಡರು.

ಮಾರ್ಚ್ 13, ಬೆಳಿಗ್ಗೆ 10

ಆಟೋ ಬರುವಷ್ಟರಲ್ಲಿ ಬರೆಯುತ್ತೇನೆ.

ತೊಗಲಿನಲ್ಲಿ ಗುಳಿ ನಿಂತಿತು. ಖುಷಿಯಲ್ಲಿ ಹೇಳಲು ಓಡಿದೆ. ಅಪ್ಪ ಕೂತಲ್ಲೇ ತೂಕಡಿಸುತ್ತಿದ್ದರು. ಒಂದು ಸಾಕ್ಸ್ ಜಾರಿತ್ತು. ಕಾಲು ನೋಡಿದೆ. ಅದು ಅಪ್ಪನ ಕಾಲಲ್ಲ. ಬೆಳ್ಳಗೆ, ಹೊಳೆಯುತ್ತ, ಉಬ್ಬಿ...

ಯಾಕೆ ಒತ್ತಿದೆನೋ. ಬೂಸಾ ನೀರಿನ ಹೆಬ್ಬೆರಳಿನಲ್ಲೇ ಒತ್ತಿದೆ. ತೆಗೆದೆ.

ಗುಳಿ ತುಂಬಲಿಲ್ಲ.

ಕಾದೆ. ತುಂಬಲಿಲ್ಲ. ನನ್ನ ಬೆರಳಿನ ಅಚ್ಚು ಅಲ್ಲೇ ಕೂತಿತ್ತು.

ಅಪ್ಪ ಕಣ್ಣು ಬಿಟ್ಟಿದ್ದರು. "ನಿನ್ನೆ ಹನ್ನೆರಡು ಎಣಿಸೋ ತನಕ ನಿಂತಿತ್ತು. ಇವತ್ತು ಎಷ್ಟು?"

ಗೊತ್ತಿತ್ತು! ನನಗೆ ಪಾಠ ಹೇಳುವಾಗಲೂ ಗೊತ್ತಿತ್ತು. ದಿನಾ ತಾವೇ ಒತ್ತಿ ನೋಡಿಕೊಳ್ಳುತ್ತಿದ್ದರು.

"ಯಾಕಪ್ಪ ಹೇಳ್ಲಿಲ್ಲ?"

"ಮೊದಲನೇ ಸಲ ನನ್ನ ಕೆಲಸ ಕೇಳಿದ್ಯಲ್ಲೇ. ಮುಗೀಲಿ ಅಂತ."

ಮಾರ್ಚ್ 16

ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದೆ. ಗೇಟಿನಲ್ಲೇ ವಾಸನೆ. ತೊಗಲು ಎತ್ತಿದರೆ ಕೈಯಲ್ಲೇ ಕಿತ್ತು ಬಂತು. ಮೂರು ದಿನ ಬೂಸಾ ನೀರಿನಲ್ಲೇ ಬಿಟ್ಟಿದ್ದೆ. ನೆನಪೇ ಇರಲಿಲ್ಲ. ಅಪ್ಪನ ವಿಷಯದಲ್ಲೂ ತಡ ಮಾಡಿದೆನಾ?

ಹೃದಯ ಸೋತು ಕಾಲಲ್ಲಿ ನೀರು ತುಂಬಿದೆಯಂತೆ. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ, ಅದಕ್ಕೇ ಕುರ್ಚಿ. ನಾನು ಚಾಕುವಿಗಾಗಿ ಬೈದೆ. ಥೂ ನನ್ನ ಜನ್ಮಕ್ಕೆ.

ಮಾರ್ಚ್ 17, ಬೆಳಿಗ್ಗೆ 7, ಆಸ್ಪತ್ರೆ

ನೀರು ಇಳಿಸುವ ಇಂಜೆಕ್ಷನ್ ಐದನೇ ದಿನ. ಇವತ್ತು ಇಳಿಯದಿದ್ದರೆ ಕಷ್ಟ ಅಂದರು ಡಾಕ್ಟರು. ಹಾಗೇ ಅಂದರು, ನೇರವಾಗಿ.

"ತೊಗಲು ತೆಗೆದ್ಯಾ?" ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ತೆಗೆದೆ. ತೊಗಟೆ ನೀರಲ್ಲಿದೆ."

"ಜಾಣೆ."

ಈಗ ನಿದ್ದೆ. ಹೊದಿಕೆ ಸರಿಸಿದ್ದೇನೆ. ಡಾಕ್ಟರು ಬರುವ ಮೊದಲು ನಾನೇ ನೋಡಬೇಕು. ಅಪ್ಪಾ, ಹಠ ಮಾಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಹಠ ಮಾಡಿ.

ಒತ್ತಿದೆ. ತೆಗೆದೆ. ಎಡಗೈ ಹಾಸಿಗೆಯ ಮೇಲೆ, ಬಲಗೈ ಇಲ್ಲಿ, ಎಣಿಸುತ್ತಾ ಬರೆಯುತ್ತಿದ್ದೇನೆ. ಒಂದು. ಎರಡು. ಮೂರು. ನಾಲ್ಕು —