ಆ ಹಾಸಿಗೆಯ ಹತ್ತಿರ

ಮೇಷ್ಟ್ರೇ,

ಇವತ್ತಿನಿಂದ ನಾನು ಮಕ್ಕಳ ವಾರ್ಡಿನಲ್ಲಿದ್ದೇನೆ, ನಾನೇ ಕೇಳಿ ಹಾಕಿಸಿಕೊಂಡೆ. ದಯವಿಟ್ಟು ಹುಡುಕಿಕೊಂಡು ಬರಬೇಡಿ.

ನಿನ್ನೆ ನಿಮ್ಮ ಹೆಂಡತಿ ನನ್ನ ಕೈ ಹಿಡಿದು, "ನರ್ಸಮ್ಮಾ, ನಾನು ಬದುಕ್ಲಿ ಅಂತ ಪ್ರಾರ್ಥನೆ ಮಾಡ್ತೀರಾ?" ಅಂದರು. ಪ್ರಾರ್ಥಿಸಲೆಂದು ಕಣ್ಣು ಮುಚ್ಚಿದೆ. ಅವರು ತೀರಿಕೊಂಡ ಮೇಲೆ ನೀವೂ ನಾನೂ ಇರಬೇಕೆಂದುಕೊಂಡ ಮನೆಯೇ ಕಣ್ಣಿಗೆ ಕಟ್ಟಿತು. ಆಗ ಕಿವಿಯ ಪಕ್ಕದಲ್ಲೇ ಕೇಳಿಸಿತು: "ಮಗಳೇ, ಈ ಹಾಸಿಗೆ ಹತ್ರ ನಿಲ್ಲಬೇಡ." ಕರ್ತನಾದ ದೇವರ ದನಿಯೆಂದು ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸಿತು.

ನಿಮ್ಮನ್ನು ಬಿಟ್ಟು ಹೇಗಿರುವುದೋ ನನಗೆ ತಿಳಿಯದು. ನೀವು ಕರೆದರೆ ಬಂದುಬಿಡುತ್ತೇನೆ. ಅದಕ್ಕೇ ಬೇಡಿಕೊಳ್ಳುತ್ತೇನೆ, ಕರೆಯಬೇಡಿ.

ಅವರಿಗೆ ಹಾಲನ್ನು ಸಣ್ಣ ಚಮಚದಲ್ಲಿ ಕುಡಿಸಬೇಕು, ಇಲ್ಲದಿದ್ದರೆ ಕೆಮ್ಮು ಬರುತ್ತದೆ. ಹೊಸ ನರ್ಸಿಗೆ ಬಿಡಬೇಡಿ. ನೀವೇ ಕುಡಿಸಿ.

ಇಂತಿ,
ನಿಮ್ಮವಳಾಗದ
ನರ್ಸು