ಬಲಗಿವಿಯ ಹತ್ತಿ

ಜಗಳೂರು

ಹೊನ್ನಾಳಿಯ ಅತ್ತೆಯವರಿಗೆ, ಅಳಿಯ ಮಾರುತೇಶನ ನಮಸ್ಕಾರ.

ಉಷಾರಾಣಿಯೂ ಮಗುವೂ ಚೆನ್ನಾಗಿರುವುದು ಫೋನಿನಲ್ಲಿ ತಿಳಿಯಿತು. ನಿಮ್ಮನ್ನು ಬಾಯಿಬಿಟ್ಟು ಕೇಳಲು ಸಂಕೋಚವಾಗಿ ಇದನ್ನು ಬರೆಯುತ್ತಿದ್ದೇನೆ.

ಗುಜರಿ ಲಾರಿಯಿಂದ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಚಕ್ರ ತಂದು, ಹಿತ್ತಲ ಶೆಡ್ಡಿನಲ್ಲಿ ಅವಳೂ ನಾನೂ ಕಟ್ಟುತ್ತಿದ್ದ ಟರ್ಬೈನ್ ಎಂಜಿನ್ ಈಗ ಪೂರ್ತಿಯಾಗಿದೆ. ಅದು ಯಾತಕ್ಕೆ ಬೇಕು ಎಂದು ಸೀಮಂತದ ದಿನ ನೀವು ಕೇಳಿದಿರಿ. ಉತ್ತರ ಇನ್ನೂ ಹೊಳೆದಿಲ್ಲ.

ಅದನ್ನು ಚಾಲೂ ಮಾಡಲು ಮೊದಲು ಬ್ಲೋವರ್‌ನಿಂದ ಗಾಳಿ ಊದಿ ಒಳಗಿನ ಚಕ್ರ ತಿರುಗಿಸಬೇಕು. ಚಕ್ರದ ಸಿಳ್ಳೆ ಸರಿಯಾದ ಮಟ್ಟಕ್ಕೆ ಏರಿದಾಗಲೇ ಗ್ಯಾಸ್ ಬಿಡಬೇಕು. ಆ ಮಟ್ಟ ಗೊತ್ತಾಗುವುದು ನಿಮ್ಮ ಮಗಳ ಕಿವಿಗೆ ಮಾತ್ರ. "ತಡೀರಿ, ಇನ್ನೂ ಏರಾಕೆ ಐತೆ" ಎಂದು ಕಟ್ಟುವಾಗಿನ ಪರೀಕ್ಷೆಗಳಲ್ಲಿ ನನ್ನ ಕೈ ಹಿಡಿಯುತ್ತಿದ್ದಳು. ಮೊನ್ನೆ ಪಕ್ಕದ ಮನೆಯ ತಿಪ್ಪೇಶಪ್ಪನವರನ್ನು ನಿಲ್ಲಿಸಿಕೊಂಡೆ. "ಬಿಡಪ್ಪಾ, ಏನಾಗ್ತೈತೆ" ಎಂದರು. ಬಿಟ್ಟೆ. ಎಂಜಿನ್ನಿನ ಹಿಂಬದಿಯಿಂದ ಬೆಂಕಿ ನುಗ್ಗಿ ಅವರ ಟವೆಲ್ ಸುಟ್ಟಿತು.

ಬಾಣಂತಿಗೆ ಗಾಳಿ ಸೋಕಬಾರದೆಂದು ನೀವು ಅವಳ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟಿದ್ದೀರಿ. ಅದು ಸರಿಯೇ. ಆದರೆ ಭಾನುವಾರ ಬೆಳಿಗ್ಗೆ ಕಿಟಕಿ, ಬಾಗಿಲು ಮುಚ್ಚಿಕೊಂಡು, ಬಲಗಿವಿಯ ಹತ್ತಿಯನ್ನಷ್ಟೇ ತೆಗೆದು ಅವಳ ಕೈಗೆ ಫೋನ್ ಕೊಡುತ್ತೀರಾ? ನಾನು ಇಲ್ಲಿ ಗಾಳಿ ಊದುತ್ತೇನೆ. ಅವಳು "ಈಗ ಬಿಡ್ರಿ" ಎಂದಾಗ ಗ್ಯಾಸ್ ಬಿಡುತ್ತೇನೆ.

ಅಷ್ಟು ಹೊತ್ತು ಮಗುವಿನ ಕಿವಿಗೆ ಹತ್ತಿ ಇಡಿ. ಆ ಸದ್ದನ್ನು ಅದು ಮೊದಲ ಸಲ ಇಲ್ಲಿಗೆ ಬಂದು, ಅಮ್ಮನ ಸೊಂಟದ ಮೇಲೆ ಕೂತು ಕೇಳಲಿ.

ನಿಮ್ಮ ಒಪ್ಪಿಗೆಗೆ ಕಾದಿರುವ,
ಮಾರುತೇಶ್